ಪರಹಿತಕ್ಕೆ ಪ್ರಾಣವಿತ್ತ ಬ್ರೇಡ್‌ವುಡ್

ಪರರ ಪ್ರಾಣವನ್ನು ಉಳಿಸಲು ತಮ್ಮ ಪ್ರಾಣವನ್ನೇ ಪಣವಾಗಿಟ್ಟವರನ್ನು ನೆನೆಯುವುದು ಕನ್ನಡ ನಾಡಿನ ಹಳೆಯ ಸಂಪ್ರದಾಯ. ನಮ್ಮ ಅನೇಕ ಊರುಗಳಲ್ಲಿ, ಗುಡಿಯ ಅಂಗಳದಲ್ಲಿಯೋ ಕೆರೆಯ ಏರಿಯ ಮೇಲೆಯೋ, ವೀರಗಲ್ಲುಗಳು ಇಂದಿಗೂ ನಿಂತಿವೆ. ಊರಿನ ದನಕರುಗಳನ್ನು ಶತ್ರುಗಳು ಅಟ್ಟಿಕೊಂಡು ಹೋದಾಗ ಅವುಗಳನ್ನು ಬಿಡಿಸಿ ತಂದು ಮಡಿದವನು, ಊರಿನ ಮೇಲೆ ದಾಳಿ ನಡೆದಾಗ ಎದುರು ನಿಂತು ಹೋರಾಡಿ ಸತ್ತವನು, ಇಂಥವರ ನೆನಪಿಗಾಗಿ ಹಿರಿಯರು ನಿಲ್ಲಿಸಿದ ಕಲ್ಲುಗಳು ಅವು. ಕೆಳಗಿನ ಪಟ್ಟಿಕೆಯಲ್ಲಿ ವೀರನ ಕಾಳಗ, ನಡುವಿನ ಪಟ್ಟಿಕೆಯಲ್ಲಿ ಅವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ ಕೆತ್ತಲ್ಪಟ್ಟಿರುತ್ತವೆ. ಎಷ್ಟೋ ಕಲ್ಲುಗಳ ಮೇಲೆ ವೀರನ ಹೆಸರು ಅಳಿಸಿಹೋಗಿದೆ. ಆದರೆ ಊರು ಅವನಿಗೆ ಋಣಿಯಾಗಿತ್ತು ಎಂಬುದು ಮಾತ್ರ ಅಳಿಸಿಲ್ಲ.

ವೀರರೆಲ್ಲರೂ ಖಡ್ಗ ಹಿಡಿದವರೇ ಆಗಿರಬೇಕಿಲ್ಲ. ನೀರಿನ ಕೊಳವೆಯನ್ನು ಹಿಡಿದು ಉರಿಯ ಬಾಯಿಗೆ ನಡೆದವರೂ ವೀರರೇ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯಲ್ಲಿ ಬೇಸಿಗೆ ಬಂತೆಂದರೆ ಬೆಂಕಿಯ ಭಯವೂ ಬರುತ್ತದೆ. ಕಬ್ಬು ಕಟಾವಾದ ಹೊಲದ ಒಣ ರವದಿ, ಕಣದ ಬಳಿಯ ಮೇವಿನ ಬಣವೆ, ನೇಕಾರರ ಮನೆಗಳಲ್ಲಿ ಮಗ್ಗದ ಪಕ್ಕದಲ್ಲಿಯೇ ಇರುವ ನೂಲಿನ ಹೊರೆ, ಇವುಗಳಿಗೆ ಒಂದು ಕಿಡಿ ಸಾಕು. ವರ್ಷದ ದುಡಿಮೆ ಒಂದು ಗಳಿಗೆಯಲ್ಲಿ ಬೂದಿಯಾಗುತ್ತದೆ. ಅಂಥ ವೇಳೆಯಲ್ಲಿ ಜನರೆಲ್ಲ ಬೆಂಕಿಯಿಂದ ದೂರ ಓಡುತ್ತಿರುವಾಗ ಕೆಂಪು ವಾಹನವೊಂದು ಬೆಂಕಿಯ ಕಡೆಗೇ ಧಾವಿಸುತ್ತದೆ. ಅದರಲ್ಲಿರುವವರಿಗೆ ಆ ಮನೆಯವರು ಬಂಧುಗಳಲ್ಲ, ಪರಿಚಿತರೂ ಅಲ್ಲ. ಆದರೂ ಅವರು ಒಳಹೊಗುತ್ತಾರೆ.

ಹೀಗೆ ಒಳಹೊಗುವುದಕ್ಕೆ ಧೈರ್ಯವೊಂದೇ ಸಾಲದು, ಶಿಕ್ಷಣವೂ ಬೇಕು. ಬೆಂಕಿಯೊಡನೆ ಹೋರಾಡುವುದು ಒಂದು ಶಾಸ್ತ್ರ, ಅದನ್ನು ಕಲಿಯಬೇಕು, ಕಲಿಸಬೇಕು ಎಂದು ಜಗತ್ತಿಗೆ ತೋರಿಸಿಕೊಟ್ಟ ಮಹನೀಯರಲ್ಲಿ ಅಗ್ರಗಣ್ಯನು ಜೇಮ್ಸ್ ಬ್ರೇಡ್‌ವುಡ್. ಅವನು ಬದುಕಿದ್ದು ದೂರದ ಸ್ಕಾಟ್‌ಲೆಂಡ್ ಮತ್ತು ಇಂಗ್ಲೆಂಡುಗಳಲ್ಲಿ. ಆದರೆ ಅವನು ಹಾಕಿಕೊಟ್ಟ ದಾರಿಯ ಪ್ರಯೋಜನವನ್ನು ಇಂದು ಎಲ್ಲ ದೇಶಗಳ ಜನರೂ ಪಡೆಯುತ್ತಿದ್ದಾರೆ.

ಬ್ರೇಡ್‌ವುಡ್ 1800ರಲ್ಲಿ ಸ್ಕಾಟ್‌ಲೆಂಡಿನ ರಾಜಧಾನಿಯಾದ ಎಡಿನ್‌ಬರೋ ನಗರದಲ್ಲಿ ಜನಿಸಿದನು. ಅವನ ತಂದೆ ಮರದ ಪೀಠೋಪಕರಣಗಳನ್ನು ತಯಾರಿಸುವ ಉದ್ಯಮವನ್ನು ನಡೆಸುತ್ತಿದ್ದನು. ಊರಿನ ಪ್ರಸಿದ್ಧ ಪ್ರೌಢಶಾಲೆಯಲ್ಲಿ ವ್ಯಾಸಂಗ ಮುಗಿಸಿದ ಬಾಲಕನು ಕಟ್ಟಡಗಳ ಅಳತೆ ಮತ್ತು ನಿರ್ಮಾಣದ ಕೆಲಸವನ್ನು ಕಲಿತನು. ಗೋಡೆ ಯಾವ ಆಧಾರದ ಮೇಲೆ ನಿಲ್ಲುತ್ತದೆ, ತೊಲೆ ಎಷ್ಟು ಭಾರ ಹೊರುತ್ತದೆ, ಮಾಳಿಗೆ ಯಾವಾಗ ಕುಸಿಯುತ್ತದೆ ಎಂಬ ತಿಳಿವಳಿಕೆ ಅವನಿಗೆ ಎಳೆಯ ವಯಸ್ಸಿನಲ್ಲಿಯೇ ಬಂದಿತು. ಮುಂದೆ ಉರಿಯುತ್ತಿರುವ ಮನೆಗಳೊಳಗೆ ಕಾಲಿಡಬೇಕಾದವನಿಗೆ ಇದಕ್ಕಿಂತ ಉತ್ತಮವಾದ ಸಿದ್ಧತೆ ಬೇರೆ ಇರಲಾರದು.

ಆ ಕಾಲದ ಎಡಿನ್‌ಬರೋ ನಗರದ ಹಳೆಯ ಭಾಗದಲ್ಲಿ ಇಕ್ಕಟ್ಟಾದ ಓಣಿಗಳು, ಅವುಗಳ ಎರಡೂ ಬದಿಗೆ ಹಲವು ಅಂತಸ್ತುಗಳ ಎತ್ತರದ ಮನೆಗಳು ಇದ್ದವು. ಒಂದೊಂದು ಮನೆಯಲ್ಲಿ ಹತ್ತಾರು ಕುಟುಂಬಗಳು ವಾಸಿಸುತ್ತಿದ್ದವು. ಬೆಂಕಿ ನಂದಿಸುವ ಯಂತ್ರಗಳು ಬಹುಮಟ್ಟಿಗೆ ವಿಮಾ ಕಂಪನಿಗಳ ವಶದಲ್ಲಿದ್ದವು. ಒಂದೊಂದು ಕಂಪನಿಗೂ ತನ್ನದೇ ಯಂತ್ರ, ತನ್ನದೇ ಆಳುಗಳು. ಅವರ ನಡುವೆ ಸಹಕಾರಕ್ಕಿಂತ ಪೈಪೋಟಿಯೇ ಹೆಚ್ಚಾಗಿತ್ತು. ಈ ಅವ್ಯವಸ್ಥೆಯನ್ನು ಕಂಡ ನಗರದ ಹಿರಿಯರು 1824ರ ಅಕ್ಟೋಬರ್ ತಿಂಗಳಲ್ಲಿ ಇಡೀ ಊರಿಗೆ ಸೇರಿದ ಒಂದು ಅಗ್ನಿಶಾಮಕ ದಳವನ್ನು ಸ್ಥಾಪಿಸಿದರು. ಅದಕ್ಕೆ ಮುಖ್ಯಸ್ಥನಾಗಿ ಆಯ್ಕೆಯಾದವನು 24 ವರ್ಷದ ತರುಣ ಬ್ರೇಡ್‌ವುಡ್.

ಅವನು ಅಧಿಕಾರ ವಹಿಸಿಕೊಂಡು ಕೆಲವು ವಾರಗಳಾಗಿದ್ದವು, ಅಷ್ಟೆ. ಆಳುಗಳಿಗೆ ತರಬೇತಿ ಇನ್ನೂ ಮುಗಿದಿರಲಿಲ್ಲ. ನವೆಂಬರ್ 15ರ ರಾತ್ರಿ ಓಣಿಯೊಂದರಲ್ಲಿದ್ದ ಮುದ್ರಣ ಫಲಕಗಳನ್ನು ಕೊರೆಯುವ ಕಾರ್ಖಾನೆಯಲ್ಲಿ ಬೆಂಕಿ ಹೊತ್ತಿಕೊಂಡಿತು. ಅಲ್ಲಿ ಕಾಯಿಸುತ್ತಿದ್ದ ಅಗಸೆ ಎಣ್ಣೆಯೇ ಅದಕ್ಕೆ ಕಾರಣವಾಯಿತು. ಗಾಳಿಯ ನೆರವಿನಿಂದ ಉರಿ ಮನೆಯಿಂದ ಮನೆಗೆ ಹಾರಿತು. ಮರುದಿನ ಟ್ರಾನ್ ಚರ್ಚಿನ ಎತ್ತರದ ಗೋಪುರವೂ ಹೊತ್ತಿ ಉರಿದು ಕುಸಿಯಿತು. ಹಲವು ದಿನ ನಡೆದ ಈ ಅನಾಹುತದಲ್ಲಿ ಸುಮಾರು 400 ಮನೆಗಳು ನಾಶವಾದವು. 13 ಮಂದಿ ಪ್ರಾಣ ಕಳೆದುಕೊಂಡರು. ನೂರಾರು ಕುಟುಂಬಗಳು ಚಳಿಗಾಲದ ಹೊಸ್ತಿಲಲ್ಲಿ ಬೀದಿಪಾಲಾದವು.

ಆ ರಾತ್ರಿಗಳಲ್ಲಿ ಬ್ರೇಡ್‌ವುಡ್ ಕಂಡ ದೃಶ್ಯ ಅವನ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತಿತು. ನಗರದ ಅಧಿಕಾರಿಗಳು ಒಂದು ಆಜ್ಞೆ ಮಾಡಿದರೆ ಊರಿನ ಗಣ್ಯರು ಇನ್ನೊಂದು ಆಜ್ಞೆ ಮಾಡುತ್ತಿದ್ದರು. ಆಳುಗಳು ಯಾರ ಮಾತು ಕೇಳಬೇಕೆಂದು ತಿಳಿಯದೆ ಅತ್ತಿಂದಿತ್ತ ಓಡುತ್ತಿದ್ದರು. ಜನರಲ್ಲಿ ಧೈರ್ಯಕ್ಕೆ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು ವ್ಯವಸ್ಥೆಗೆ. ಈ ದುರಂತದ ನಂತರ, ಬೆಂಕಿ ಬಿದ್ದ ಸ್ಥಳದಲ್ಲಿ ಅಗ್ನಿಶಾಮಕ ದಳದ ಮುಖ್ಯಸ್ಥನ ಆಜ್ಞೆಯೊಂದೇ ನಡೆಯಬೇಕೆಂಬ ನಿಯಮ ಜಾರಿಗೆ ಬಂದಿತು. ಸೋಲಿನಿಂದ ಕಲಿತ ಪಾಠ ಬ್ರೇಡ್‌ವುಡ್‌ನ ಮುಂದಿನ ಎಲ್ಲ ಕಾರ್ಯಕ್ಕೂ ತಳಹದಿಯಾಯಿತು.

ಅವನು ತನ್ನ ದಳವನ್ನು ಹೊಸದಾಗಿ ಕಟ್ಟಿದನು. ಬಡಗಿಗಳು, ಗಾರೆಯವರು, ಕಮ್ಮಾರರು, ಛಾವಣಿಗೆ ಕಲ್ಲುಹಲಗೆ ಹೊದಿಸುವವರು, ನಲ್ಲಿಯ ಕೆಲಸದವರು, ಹೀಗೆ ಕಸುಬುದಾರರನ್ನೇ ಆರಿಸಿಕೊಂಡನು. ಛಾವಣಿ ಹೊದಿಸುವವನಿಗೆ ಎತ್ತರದ ಮೇಲೆ ನಡೆಯುವ ಅಭ್ಯಾಸವಿರುತ್ತದೆ. ಬಡಗಿಗೆ ತೊಲೆ ಜಂತಿಗಳ ಸ್ವಭಾವ ಗೊತ್ತು. ಗಾರೆಯವನಿಗೆ ಗೋಡೆ ಬಿರಿಯುವ ಲಕ್ಷಣ ತಿಳಿಯುತ್ತದೆ. ಇವರೆಲ್ಲರ ಬುದ್ಧಿಯೂ ಒಂದೆಡೆ ಸೇರಿದರೆ ಬೆಂಕಿಗೆ ಎದುರು ನಿಲ್ಲಬಹುದೆಂದು ಅವನು ಕಂಡುಕೊಂಡನು.

ವಾರಕ್ಕೊಮ್ಮೆ ಬೆಳಗಿನ ಜಾವ ನಾಲ್ಕು ಗಂಟೆಗೆ ಅವನು ತನ್ನವರನ್ನು ಅಭ್ಯಾಸಕ್ಕೆ ಕರೆಯುತ್ತಿದ್ದನು. ಆ ಹೊತ್ತಿನಲ್ಲಿ ಬೀದಿಗಳು ಬರಿದಾಗಿರುತ್ತಿದ್ದವು. ಅಲ್ಲದೆ ಬೆಂಕಿ ರಾತ್ರಿಯ ವೇಳೆಯಲ್ಲಿಯೇ ಹೆಚ್ಚಾಗಿ ಬೀಳುವುದರಿಂದ, ಕತ್ತಲೆಯಲ್ಲಿ ಕೈ ತಡವರಿಸದೆ ಕೊಳವೆಯನ್ನು ಜೋಡಿಸುವುದನ್ನು, ಏಣಿಯನ್ನು ಏರುವುದನ್ನು ಅವರು ಕಲಿಯಬೇಕಾಗಿತ್ತು. ನಗರದ ಎತ್ತರವಾದ ಸೇತುವೆಯಿಂದ ಹಗ್ಗ ಹಿಡಿದು ಕೆಳಗಿಳಿಯುವ ಅಭ್ಯಾಸವನ್ನೂ ಮಾಡಿಸುತ್ತಿದ್ದನು. ತಲೆಗೆ ಗಟ್ಟಿ ತೊಗಲಿನ ಶಿರಸ್ತ್ರಾಣವನ್ನು ಕೊಟ್ಟನು. ಅದರ ಹಿಂಭಾಗದಲ್ಲಿ ಕುತ್ತಿಗೆಯ ಮೇಲೆ ಇಳಿಬೀಳುವ ತೊಗಲಿನ ಪಟ್ಟಿಯೊಂದಿತ್ತು. ಮೇಲಿನಿಂದ ಬೀಳುವ ಕೆಂಡ, ಛಾವಣಿಯಿಂದ ಕರಗಿ ಸುರಿಯುವ ಸೀಸ, ಬಿಸಿನೀರು ಇವು ಅಂಗಿಯೊಳಗೆ ಇಳಿಯದಂತೆ ಆ ಪಟ್ಟಿ ತಡೆಯುತ್ತಿತ್ತು. ತನ್ನ ಆಳುಗಳ ಸುರಕ್ಷತೆಯ ವಿಷಯದಲ್ಲಿ ಅವನು ಎಷ್ಟು ಸೂಕ್ಷ್ಮವಾಗಿ ಯೋಚಿಸುತ್ತಿದ್ದನೆಂಬುದಕ್ಕೆ ಇದೊಂದು ನಿದರ್ಶನ.

ಅಲ್ಲಿಯವರೆಗೆ ಬೆಂಕಿ ನಂದಿಸುವವರು ಬೀದಿಯಲ್ಲಿ ನಿಂತು ಕಿಟಕಿಗಳೊಳಕ್ಕೆ ನೀರು ಹಾರಿಸುತ್ತಿದ್ದರು. ಆ ನೀರು ಹೊಗೆಗೆ ತಾಕುತ್ತಿತ್ತು, ಉರಿಯ ಮೂಲಕ್ಕೆ ತಾಕುತ್ತಿರಲಿಲ್ಲ. ಮನೆಯೂ ಉರಿಯುತ್ತಿತ್ತು, ನೀರೂ ವ್ಯರ್ಥವಾಗುತ್ತಿತ್ತು. ಬ್ರೇಡ್‌ವುಡ್ ಈ ಪದ್ಧತಿಯನ್ನು ಬದಲಾಯಿಸಿದನು. ಬೆಂಕಿ ಎಲ್ಲಿ ಹುಟ್ಟಿದೆಯೋ ಅಲ್ಲಿಗೇ ಹೋಗಿ, ಉರಿಯುತ್ತಿರುವ ವಸ್ತುವಿನ ಮೇಲೆಯೇ ನೀರು ಬೀಳುವಂತೆ ಮಾಡಬೇಕೆಂದು ಕಲಿಸಿದನು. ಇದರ ಅರ್ಥ, ಅಗ್ನಿಶಾಮಕನು ಮನೆಯ ಒಳಗೆ ಹೋಗಲೇಬೇಕು ಎಂಬುದು. ಅಪಾಯ ಹೆಚ್ಚಿತು ನಿಜ, ಆದರೆ ಒಳಗೆ ಸಿಲುಕಿದವರು ಬದುಕುವ ಅವಕಾಶವೂ ಹೆಚ್ಚಿತು.

ಆದುದರಿಂದಲೇ ಒಳಹೋಗುವವನಿಗೆ ಅವನು ಕಟ್ಟುನಿಟ್ಟಾದ ನಿಯಮಗಳನ್ನು ಮಾಡಿದನು. ಯಾರೂ ಒಬ್ಬಂಟಿಯಾಗಿ ಒಳಗೆ ಹೋಗಬಾರದು. ಒಬ್ಬನು ಹೊಗೆಯಿಂದ ಮೂರ್ಛೆಹೋದರೆ ಇನ್ನೊಬ್ಬನು ಅವನನ್ನು ಹೊರಕ್ಕೆ ತರಬೇಕು. ಹೊಗೆ ಮೇಲೇರುವುದರಿಂದ ನೆಲದ ಸಮೀಪದಲ್ಲಿ ಉಸಿರಾಡಲು ಸ್ವಲ್ಪ ಒಳ್ಳೆಯ ಗಾಳಿ ಉಳಿದಿರುತ್ತದೆ. ಆದಕಾರಣ ತಲೆಯನ್ನು ನೆಲಕ್ಕೆ ಸಮೀಪವಾಗಿಟ್ಟುಕೊಂಡು ತೆವಳಬೇಕು. ಅನಾವಶ್ಯಕವಾಗಿ ಬಾಗಿಲು ಕಿಟಕಿಗಳನ್ನು ತೆರೆದರೆ ಗಾಳಿ ನುಗ್ಗಿ ಉರಿ ಹೆಚ್ಚುತ್ತದೆ. ಆದಕಾರಣ ನೀರು ಸಿದ್ಧವಾಗುವ ತನಕ ಅವುಗಳನ್ನು ಮುಚ್ಚಿರಬೇಕು. ಈ ನಿಯಮಗಳು ಇಂದು ಶಾಲೆಯ ಮಕ್ಕಳಿಗೂ ಗೊತ್ತಿವೆ. ಆಗ ಅವು ಹೊಸ ಮಾತುಗಳಾಗಿದ್ದವು.

ಹೇಳಿದ್ದನ್ನು ಮೊದಲು ತಾನು ಮಾಡಿ ತೋರಿಸುವುದು ಅವನ ಸ್ವಭಾವ. ಒಮ್ಮೆ ಎಡಿನ್‌ಬರೋದಲ್ಲಿ ಕಬ್ಬಿಣದ ಸಾಮಾನುಗಳ ಅಂಗಡಿಯೊಂದಕ್ಕೆ ಬೆಂಕಿ ಬಿದ್ದಿತು. ಒಳಗೆ ಸಿಡಿಮದ್ದಿನ ಪೀಪಾಯಿಗಳಿವೆ ಎಂದು ತಿಳಿದೊಡನೆ ನೆರೆದ ಜನ ಹಿಂಜರಿದರು. ಉರಿ ಅವುಗಳನ್ನು ಮುಟ್ಟಿದರೆ ಸುತ್ತಲಿನ ಮನೆಗಳೂ ಉಳಿಯುತ್ತಿರಲಿಲ್ಲ. ಬ್ರೇಡ್‌ವುಡ್ ತನ್ನ ಆಳುಗಳಲ್ಲಿ ಒಬ್ಬನನ್ನು ಆ ಕೆಲಸಕ್ಕೆ ಕಳುಹಿಸಬಹುದಾಗಿತ್ತು. ಹಾಗೆ ಮಾಡದೆ ತಾನೇ ಒಳಹೊಕ್ಕು ಮೊದಲೊಂದು ಪೀಪಾಯಿಯನ್ನು ಹೊತ್ತು ತಂದನು. ಮರಳಿ ಹೋಗಿ ಎರಡನೆಯದನ್ನೂ ತಂದನು. ಮೊದಲ ಸಲ ಒಳಹೋಗುವುದು ಧೈರ್ಯ. ಒಳಗಿನ ಸ್ಥಿತಿಯನ್ನು ಕಣ್ಣಾರೆ ಕಂಡು ಬಂದ ಮೇಲೆ ಎರಡನೆಯ ಸಲ ಹೋಗುವುದು ಅದಕ್ಕಿಂತ ದೊಡ್ಡ ಧೈರ್ಯ.

ಇಷ್ಟೆಲ್ಲ ಅನುಭವವನ್ನು ಅವನು ತನ್ನಲ್ಲಿಯೇ ಇಟ್ಟುಕೊಳ್ಳಲಿಲ್ಲ. 1830ರಲ್ಲಿ, ಮೂವತ್ತರ ಪ್ರಾಯದಲ್ಲಿ, ನೀರೆರಚುವ ಯಂತ್ರಗಳ ರಚನೆ, ಅಗ್ನಿಶಾಮಕರ ಶಿಕ್ಷಣ ಮತ್ತು ಬೆಂಕಿ ಬಿದ್ದಾಗ ಅನುಸರಿಸಬೇಕಾದ ಕ್ರಮ ಇವುಗಳನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದನು. ಕೈಯಲ್ಲಿ ಕೊಳವೆ ಹಿಡಿದವನೇ ಲೇಖನಿಯನ್ನೂ ಹಿಡಿದು ಬರೆದ ಆ ಪುಸ್ತಕ ಅವನ ಕೀರ್ತಿಯನ್ನು ದೂರದವರೆಗೆ ಹರಡಿತು.

ಲಂಡನ್ ನಗರದಲ್ಲಿಯೂ ವಿಮಾ ಕಂಪನಿಗಳು ಪ್ರತ್ಯೇಕ ದಳಗಳನ್ನು ಇಟ್ಟುಕೊಂಡಿದ್ದವು. ಅವುಗಳಲ್ಲಿ ಹತ್ತು ಕಂಪನಿಗಳು ಒಂದಾಗಿ 1833ರ ಜನವರಿ 1ರಂದು ಸಂಯುಕ್ತ ದಳವೊಂದನ್ನು ಆರಂಭಿಸಿದವು. ಅದರ ಮುಖ್ಯಸ್ಥನಾಗಲು ಬ್ರೇಡ್‌ವುಡ್‌ನಿಗೆ ಕರೆ ಬಂದಿತು. ಅಷ್ಟು ದೊಡ್ಡ ನಗರಕ್ಕೆ ಅವನ ಕೈಕೆಳಗಿದ್ದವರು ಮೊದಲಿಗೆ ಸುಮಾರು 80 ಮಂದಿ ಮಾತ್ರ. ಇಲ್ಲಿ ಅವನು ನಾವಿಕರನ್ನು ಹೆಚ್ಚಾಗಿ ಸೇರಿಸಿಕೊಂಡನು. ಹಗಲಿರುಳೆನ್ನದೆ ಎಚ್ಚರವಿರುವುದು, ಹಗ್ಗ ಏಣಿಗಳನ್ನು ಏರುವುದು, ಆಜ್ಞೆಯನ್ನು ಮರುಮಾತಿಲ್ಲದೆ ಪಾಲಿಸುವುದು ನಾವಿಕರಿಗೆ ಸಹಜವಾದ ಗುಣಗಳಾಗಿದ್ದವು. ವಾಟ್ಲಿಂಗ್ ಬೀದಿಯ ಮುಖ್ಯ ಠಾಣೆಯೇ ಅವನ ಮನೆಯೂ ಆಯಿತು. ಮುಂದಿನ 28 ವರ್ಷಗಳ ಕಾಲ ಕರೆಗಂಟೆ ಎಂದು ಬಾರಿಸಿದರೂ ಅವನು ಎದ್ದು ಹೊರಟನು.

1834ರ ಅಕ್ಟೋಬರ್ 16ರಂದು ಬ್ರಿಟಿಷ್ ಸಂಸತ್ತಿನ ಕಟ್ಟಡಕ್ಕೇ ಬೆಂಕಿ ಬಿದ್ದಿತು. ಹಿಂದಿನ ಕಾಲದಲ್ಲಿ ಸರ್ಕಾರದ ಲೆಕ್ಕವನ್ನು ಗೀರು ಕೊರೆದ ಮರದ ಕಡ್ಡಿಗಳಲ್ಲಿ ಇಡುತ್ತಿದ್ದರು. ಬಳಕೆ ತಪ್ಪಿದ ಆ ಕಡ್ಡಿಗಳ ರಾಶಿಯನ್ನು ಕಟ್ಟಡದ ಕೆಳಗಿನ ಒಲೆಗಳಲ್ಲಿ ಸುಡುತ್ತಿದ್ದಾಗ ಈ ಅನರ್ಥ ಸಂಭವಿಸಿತು. ಆ ಕಟ್ಟಡಕ್ಕೆ ವಿಮೆಯಿರಲಿಲ್ಲ. ಆದಕಾರಣ ವಿಮಾ ಕಂಪನಿಗಳ ಸೇವೆಯಲ್ಲಿದ್ದ ಬ್ರೇಡ್‌ವುಡ್ ಅಲ್ಲಿಗೆ ಹೋಗಲೇಬೇಕೆಂಬ ಕಟ್ಟುಪಾಡು ಇರಲಿಲ್ಲ. ಆದರೂ ಅವನು ತನ್ನ ಯಂತ್ರಗಳನ್ನೂ ಆಳುಗಳನ್ನೂ ತಂದನು. ಸಂಸತ್ತಿನ ಸಭಾಭವನಗಳು ಆಗಲೇ ಕೈಮೀರಿ ಹೋಗಿದ್ದವು. ಅವುಗಳ ಪಕ್ಕದಲ್ಲಿದ್ದ ಪುರಾತನವಾದ ವೆಸ್ಟ್‌ಮಿನ್‌ಸ್ಟರ್ ಮಹಾಮಂದಿರವನ್ನು ಉಳಿಸಲು ಅವರು ಸೈನಿಕರ ಮತ್ತು ನಾಗರಿಕರ ನೆರವಿನಿಂದ ರಾತ್ರಿಯಿಡೀ ಹೋರಾಡಿದರು. ಗಾಳಿಯೂ ದಿಕ್ಕು ಬದಲಿಸಿ ಅನುಕೂಲವಾಯಿತು. ಆ ಮಂದಿರದ ಭವ್ಯವಾದ ಮರದ ಛಾವಣಿ ಇಂದಿಗೂ ಉಳಿದಿದೆ.

ಇಷ್ಟಾದ ಮೇಲಾದರೂ ಬೆಂಕಿಯಿಂದ ಪ್ರಜೆಗಳನ್ನು ಕಾಪಾಡುವ ಹೊಣೆಯನ್ನು ಸರ್ಕಾರ ಹೊರಬೇಕಾಗಿತ್ತು. ಅದು ಹೊರಲಿಲ್ಲ. ಆ ಕೆಲಸ ವಿಮಾ ಕಂಪನಿಗಳದೆಂದು ಕೈತೊಳೆದುಕೊಂಡಿತು. ಕಂಪನಿಗಳ ದಳಕ್ಕೆ ಆಸ್ತಿಯ ರಕ್ಷಣೆಯೇ ನಿಯಮಿತ ಕರ್ತವ್ಯ. ಉರಿಯುವ ಮನೆಗಳಿಂದ ಜನರನ್ನು ಇಳಿಸಲು ಎತ್ತರದ ಏಣಿಗಳನ್ನು ಬೀದಿಗಳಲ್ಲಿ ಇರಿಸುತ್ತಿದ್ದುದು ದಾನಿಗಳ ಹಣದಿಂದ ನಡೆಯುತ್ತಿದ್ದ ಒಂದು ಸಂಘ. ಬ್ರೇಡ್‌ವುಡ್ ಮತ್ತು ಅವನ ಸಂಗಡಿಗರು ತಮ್ಮ ನಿಯಮಿತ ಕರ್ತವ್ಯಕ್ಕಿಂತ ಹೆಚ್ಚಿನದನ್ನು ಮಾಡುತ್ತ ಬಂದರು. ಜನ ಅವರನ್ನು ಹೊಗಳಿದರು. ಆದರೆ ಅವರ ಕೈಯನ್ನು ಬಲಪಡಿಸಲಿಲ್ಲ.

ಇನ್ನೊಂದು ಚಿಂತೆಯೂ ಅವನನ್ನು ಬಾಧಿಸುತ್ತಿತ್ತು. ಲಂಡನ್ ಜಗತ್ತಿನ ವ್ಯಾಪಾರದ ಕೇಂದ್ರವಾಗಿ ಬೆಳೆಯುತ್ತಿತ್ತು. ಥೇಮ್ಸ್ ನದಿಯ ದಡದಲ್ಲಿ ದೇಶದೇಶಗಳಿಂದ ಬಂದ ಸರಕುಗಳನ್ನು ತುಂಬಲು ದೈತ್ಯಾಕಾರದ ಉಗ್ರಾಣಗಳು ಏಳುತ್ತಿದ್ದವು. ನಡುವೆ ಬಲವಾದ ಅಡ್ಡಗೋಡೆಗಳಿಲ್ಲದ ಅಂಥ ಕಟ್ಟಡ ಒಮ್ಮೆ ಹೊತ್ತಿಕೊಂಡರೆ ಅದನ್ನು ನಂದಿಸುವ ಶಕ್ತಿ ಲಂಡನ್ನಿನಲ್ಲಿ ಯಾರಿಗೂ ಇಲ್ಲವೆಂದು ಬ್ರೇಡ್‌ವುಡ್ 1854ರಲ್ಲಿಯೇ ಸರ್ಕಾರಕ್ಕೆ ಬರೆದು ಎಚ್ಚರಿಸಿದನು. ಒಂದು ಭಾಗದ ಬೆಂಕಿ ಇನ್ನೊಂದು ಭಾಗಕ್ಕೆ ದಾಟದಂತೆ ಗೋಡೆಗಳಿರಬೇಕು, ಕಬ್ಬಿಣದ ಬಾಗಿಲುಗಳನ್ನು ಮುಚ್ಚಿರಬೇಕು ಎಂಬುದು ಅವನ ನಿಲುವಾಗಿತ್ತು. ಬಲ್ಲವನ ಮಾತನ್ನು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ.

1861ರ ಜೂನ್ 22, ಶನಿವಾರ. ಸಂಜೆಯ ಹೊತ್ತಿಗೆ ಲಂಡನ್ ಸೇತುವೆಯ ಸಮೀಪದ ಟೂಲಿ ಬೀದಿಯ ಉಗ್ರಾಣವೊಂದರಲ್ಲಿ ಹೊಗೆ ಕಾಣಿಸಿತು. ಒಳಗೆ ಹತ್ತಿ, ಸೆಣಬು, ಸಕ್ಕರೆ, ಚಹಾ, ಪೆಟ್ಲುಪ್ಪು ಮತ್ತು ಮೇಣದಬತ್ತಿಗೆ ಬಳಸುವ ಪ್ರಾಣಿಗಳ ಕೊಬ್ಬು ತುಂಬಿದ್ದವು. ಹತ್ತಿ ಸೆಣಬುಗಳು ಒಳಗೊಳಗೇ ಕಾಯ್ದು ಕಿಡಿಯಾಗುವ ವಸ್ತುಗಳು. ಪೆಟ್ಲುಪ್ಪು ಉರಿಯನ್ನು ಕೆರಳಿಸುವಂಥದು. ಬೆಂಕಿಯನ್ನು ತಡೆಯಬೇಕಾಗಿದ್ದ ಕಬ್ಬಿಣದ ಬಾಗಿಲುಗಳನ್ನು ತೆರೆದೇ ಬಿಟ್ಟಿದ್ದರು. ಬ್ರೇಡ್‌ವುಡ್ ಏಳು ವರ್ಷಗಳ ಹಿಂದೆ ಯಾವುದನ್ನು ಕುರಿತು ಎಚ್ಚರಿಸಿದ್ದನೋ ಅದೇ ಈಗ ಅವನ ಕಣ್ಣೆದುರಿಗೆ ನಡೆಯಿತು.

ಅವನು ಸ್ಥಳಕ್ಕೆ ಬರುವ ವೇಳೆಗೆ ಉರಿ ಬಲಿತಿತ್ತು. ನದಿಯಲ್ಲಿ ನೀರು ಇಳಿದಿದ್ದ ಕಾರಣ ದೋಣಿಯ ಮೇಲಿನ ಯಂತ್ರಗಳು ದಡಕ್ಕೆ ಸಮೀಪಿಸಲಾರದೆ ಹೋದವು. ಕರಗಿದ ಕೊಬ್ಬು ಹೊತ್ತಿ ಉರಿಯುತ್ತ ನದಿಗಿಳಿದು ನೀರಿನ ಮೇಲೆಯೂ ಬೆಂಕಿ ತೇಲಿತು. ಲಂಡನ್ ಸೇತುವೆಯ ಮೇಲೆ ಸಾವಿರಾರು ಜನ ನೋಡಲು ನೆರೆದರು. ಹಲವರಿಗೆ ಅದೊಂದು ನೋಟ. ಕೆಲವೇ ಗಜಗಳ ಅಂತರದಲ್ಲಿ ಕಾವಿಗೆ ಮುಖವೊಡ್ಡಿ ನಿಂತಿದ್ದ ಅಗ್ನಿಶಾಮಕರಿಗೆ ಮಾತ್ರ ಅದು ಸಾವು ಬದುಕಿನ ಹೋರಾಟವಾಗಿತ್ತು.

ಬ್ರೇಡ್‌ವುಡ್‌ನಿಗೆ ಆಗ ಅರವತ್ತರ ವಯಸ್ಸು. ದೂರದಲ್ಲಿ ನಿಂತು ಆಜ್ಞೆಗಳನ್ನು ಕೊಟ್ಟಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ಅವನ ಸ್ಥಳ ಯಾವಾಗಲೂ ಆಳುಗಳ ನಡುವೆ. ಗಂಟೆಗಟ್ಟಲೆ ಕಾವನ್ನು ಸಹಿಸಿ ಬಳಲಿದ್ದ ತನ್ನವರ ಬಳಿಗೆ ಹೋಗಿ, ಅವರಿಗೆ ಚೇತರಿಕೆಯ ಪಾನೀಯವನ್ನು ಕೊಡಿಸುತ್ತ, ಧೈರ್ಯ ತುಂಬುತ್ತ ಅವನು ಓಡಾಡುತ್ತಿದ್ದನು. ಸುಮಾರು ಏಳೂವರೆ ಗಂಟೆಯ ವೇಳೆಗೆ ಉಗ್ರಾಣದ ಎತ್ತರದ ಗೋಡೆ ಹಠಾತ್ತನೆ ಬಿರಿದು ಹೊರಕ್ಕೆ ವಾಲಿತು. ಗೋಡೆಗಳ ಲಕ್ಷಣವನ್ನು ಬಾಲ್ಯದಿಂದ ಬಲ್ಲವನಿಗೂ ಅದರಿಂದ ಪಾರಾಗುವಷ್ಟು ಸಮಯ ಸಿಗಲಿಲ್ಲ. ಟನ್ನುಗಟ್ಟಲೆ ಕಾದ ಇಟ್ಟಿಗೆಗಳ ಕೆಳಗೆ ಅವನೂ ಅವನ ಬಳಿಯಿದ್ದ ಇನ್ನೊಬ್ಬನೂ ಹೂತುಹೋದರು.

ಸಂಗಡಿಗರಿಗೆ ಅವರನ್ನು ಹೊರತೆಗೆಯುವುದು ಸಾಧ್ಯವಾಗಲಿಲ್ಲ. ನಾಯಕನು ಕಣ್ಣೆದುರಿಗೆ ಬಿದ್ದರೂ ಅವರು ತಮ್ಮ ಸ್ಥಳವನ್ನು ಬಿಡಲಿಲ್ಲ. ಅವನು ಕಲಿಸಿದ ಶಿಸ್ತು ಆ ಗಳಿಗೆಯಲ್ಲಿಯೂ ಅವರನ್ನು ನಿಲ್ಲಿಸಿತು. ಎರಡು ದಿನಗಳ ನಂತರ ಅವನ ದೇಹ ದೊರೆಯಿತು. ಬೆಂಕಿ ಪೂರ್ತಿಯಾಗಿ ಆರಲು ಸುಮಾರು ಎರಡು ವಾರ ಹಿಡಿಯಿತು. ನಷ್ಟ ಸುಮಾರು ಇಪ್ಪತ್ತು ಲಕ್ಷ ಪೌಂಡುಗಳೆಂದು ಅಂದಾಜಾಯಿತು.

ಲಂಡನ್ ನಗರ ದುಃಖದಲ್ಲಿ ಮುಳುಗಿತು. ವಿಕ್ಟೋರಿಯಾ ರಾಣಿಯೂ ಅವನ ವಿಷಯವನ್ನು ವಿಚಾರಿಸಿದಳು. ಜೂನ್ 29ರಂದು ನಡೆದ ಅಂತ್ಯಯಾತ್ರೆ ಸುಮಾರು ಒಂದೂವರೆ ಮೈಲಿ ಉದ್ದವಾಗಿತ್ತು. ಅಂಗಡಿಗಳು ಮುಚ್ಚಿದವು. ಚರ್ಚುಗಳ ಗಂಟೆಗಳು ಮೊಳಗಿದವು. ಅಗ್ನಿಶಾಮಕರು, ಪೊಲೀಸರು, ಸ್ವಯಂಸೇವಕ ಸೈನಿಕರು ಸಾಲಾಗಿ ನಡೆದರು. ಬೀದಿಯ ಎರಡೂ ಬದಿಗೆ ಜನಸಾಗರವೇ ನಿಂತಿತ್ತು. ಅವನ ಸಮವಸ್ತ್ರದ ಗುಂಡಿಗಳನ್ನು ಅವನ ಆಳುಗಳಿಗೆ ಸ್ಮರಣಿಕೆಗಳಾಗಿ ಹಂಚಲಾಯಿತು. ಅಬ್ನಿ ಪಾರ್ಕ್ ಎಂಬ ರುದ್ರಭೂಮಿಯಲ್ಲಿ ಅವನನ್ನು ಸಮಾಧಿ ಮಾಡಿದರು. ಅವನು ಬಿದ್ದ ಸ್ಥಳದ ಸಮೀಪದಲ್ಲಿ ಕಲ್ಲಿನ ಫಲಕವೊಂದು ಗೋಡೆಯಲ್ಲಿ ನೆಲೆಗೊಂಡಿತು. ಅದು ಆ ನಗರದವರು ನಿಲ್ಲಿಸಿದ ವೀರಗಲ್ಲೆಂದೇ ಹೇಳಬಹುದು.

ಆದರೆ ಕಲ್ಲು ನಿಲ್ಲಿಸಿದ ಮಾತ್ರಕ್ಕೆ ಋಣ ತೀರುವುದಿಲ್ಲ. ಅವನು ಬದುಕಿದ್ದಾಗ ಅವನ ಮಾತನ್ನು ಕೇಳಿದ್ದರೆ ಆ ಸಾವು ಬರುತ್ತಿರಲಿಲ್ಲವೇನೋ ಎಂಬ ಅಳುಕು ಲಂಡನ್ನಿನ ಜನರನ್ನು ಕಾಡಿರಬೇಕು. ಅಪಾರ ನಷ್ಟ ಅನುಭವಿಸಿದ ವಿಮಾ ಕಂಪನಿಗಳು ಇನ್ನು ಈ ಭಾರವನ್ನು ಹೊರಲಾರೆವೆಂದು ಸರ್ಕಾರಕ್ಕೆ ತಿಳಿಸಿದವು. ಸಂಸತ್ತು ವಿಚಾರಣೆ ನಡೆಸಿತು. 1865ರಲ್ಲಿ ಕಾಯಿದೆಯೊಂದು ಅಂಗೀಕಾರವಾಗಿ, 1866ರ ಆರಂಭದಿಂದ ಲಂಡನ್ನಿಗೆ ಸಾರ್ವಜನಿಕ ಅಗ್ನಿಶಾಮಕ ದಳವು ಬಂದಿತು. ವಿಮೆ ಇದ್ದವನಿರಲಿ, ಇಲ್ಲದವನಿರಲಿ, ಪ್ರತಿಯೊಬ್ಬನ ಪ್ರಾಣ ಮತ್ತು ಆಸ್ತಿಯ ರಕ್ಷಣೆ ಸಮಾಜದ ಹೊಣೆಯಾಯಿತು. ಬ್ರೇಡ್‌ವುಡ್‌ನಿಗೆ ಸಂದ ನಿಜವಾದ ಗೌರವ ಇದು. ಅವನ ಹುಟ್ಟೂರು ಸಹ ಅವನನ್ನು ಮರೆಯಲಿಲ್ಲ. 2008ರಲ್ಲಿ ಎಡಿನ್‌ಬರೋ ನಗರದಲ್ಲಿ ಅವನ ಪ್ರತಿಮೆಯನ್ನು ಸ್ಥಾಪಿಸಲಾಯಿತು.

ನಮ್ಮ ದೇಶದ ಚರಿತ್ರೆಯಲ್ಲಿಯೂ ಇಂಥ ಬಲಿದಾನಗಳಿವೆ. 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ಹತ್ತಿಯ ಅಂಡಿಗೆಗಳನ್ನೂ ಸಿಡಿಮದ್ದನ್ನೂ ಹೊತ್ತು ನಿಂತಿದ್ದ ಹಡಗೊಂದಕ್ಕೆ ಬೆಂಕಿ ಬಿದ್ದಿತು. ಅದನ್ನು ನಂದಿಸಲು ಹೋದ ಅಗ್ನಿಶಾಮಕರು ಹಡಗಿನ ಬಳಿಯಿಂದ ಕದಲಲಿಲ್ಲ. ಹಡಗು ಸ್ಫೋಟಗೊಂಡಾಗ ಅವರಲ್ಲಿ 66 ಮಂದಿ ಮಡಿದರು. ಅವರ ನೆನಪಿಗಾಗಿ ಪ್ರತಿ ವರ್ಷ ಏಪ್ರಿಲ್ 14ನ್ನು ಭಾರತದಲ್ಲಿ ಅಗ್ನಿಶಾಮಕ ಸೇವಾ ದಿನವೆಂದು ಆಚರಿಸುತ್ತಾರೆ. ನಮ್ಮ ರಾಜ್ಯದಲ್ಲಿ 1964ರಲ್ಲಿ ಅಗ್ನಿಶಾಮಕ ದಳಕ್ಕೆ ಸಂಬಂಧಿಸಿದ ಕಾಯಿದೆ ಆಯಿತು.

ಇಂದು ಈ ದಳದವರ ಕೆಲಸ ಬೆಂಕಿಗಷ್ಟೇ ಸೀಮಿತವಲ್ಲ. 2019ರ ಆಗಸ್ಟ್ ತಿಂಗಳಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಉಕ್ಕಿ ಬಾಗಲಕೋಟೆ ಜಿಲ್ಲೆಯ ಎಷ್ಟೋ ಊರುಗಳು ಜಲಾವೃತವಾದವು. ಆಗ ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ಕಡೆಯ ನದೀತೀರದ ಜನ ಮನೆಮಠ ಬಿಟ್ಟು ಹೊರಡಬೇಕಾಯಿತು. ಇಂಥ ಪ್ರವಾಹಗಳಲ್ಲಿ ದೋಣಿ ಹತ್ತಿ ಬಂದು ಜನರನ್ನು ದಡ ಸೇರಿಸುವವರಲ್ಲಿ ಅಗ್ನಿಶಾಮಕರೂ ಇರುತ್ತಾರೆ. ಬೆಂಕಿಯಾಗಲಿ ನೀರಾಗಲಿ, ಕರೆ ಬಂದೊಡನೆ ಹೊರಡುವುದು ಅವರ ಧರ್ಮ.

ಇಂಥವರಿಗೆ ಕೃತಜ್ಞತೆಯನ್ನು ಸಲ್ಲಿಸುವುದು ಹೇಗೆ? ಬ್ರೇಡ್‌ವುಡ್‌ನ ಜೀವನವೇ ಇದಕ್ಕೆ ಉತ್ತರವನ್ನು ಹೇಳುತ್ತದೆ. ಹೊಗಳಿಕೆಗಿಂತ ಅವನು ಬಯಸಿದ್ದು ಎಚ್ಚರಿಕೆಯನ್ನು. ಮೇವಿನ ಬಣವೆಯನ್ನು ಒಲೆಯಿಂದ ದೂರ ಒಟ್ಟುವುದು, ಮಗ್ಗದ ಮನೆಯಲ್ಲಿ ಹಳತಾದ ವಿದ್ಯುತ್ ತಂತಿಗಳನ್ನು ಬದಲಿಸುವುದು, ಸೇದಿದ ಬೀಡಿಯನ್ನು ಆರಿಸದೆ ಎಸೆಯದಿರುವುದು, ಗಂಟೆ ಬಾರಿಸುತ್ತ ಬರುವ ವಾಹನಕ್ಕೆ ದಾರಿ ಬಿಡುವುದು, ನೋಡಲು ಮುತ್ತಿಗೆ ಹಾಕದಿರುವುದು, 101 ಎಂಬ ಸಂಖ್ಯೆಗೆ ಆಟಕ್ಕಾಗಿ ಕರೆ ಮಾಡದಿರುವುದು, ಇವೆಲ್ಲ ಚಿಕ್ಕ ಕೆಲಸಗಳು. ಆದರೆ ಇವುಗಳಲ್ಲಿ ಒಂದನ್ನು ಮರೆತರೂ ಯಾರೋ ಒಬ್ಬ ಅಗ್ನಿಶಾಮಕನು ತನ್ನ ಜೀವವನ್ನು ಅಪಾಯಕ್ಕೆ ಒಡ್ಡಬೇಕಾಗುತ್ತದೆ. ಟೂಲಿ ಬೀದಿಯಲ್ಲಿ ತೆರೆದುಬಿಟ್ಟಿದ್ದ ಬಾಗಿಲುಗಳೂ ಒಂದು ಚಿಕ್ಕ ಅಲಕ್ಷ್ಯವೇ ಆಗಿದ್ದವು.

ವೀರಗಲ್ಲಿನ ಮುಂದೆ ದೀಪ ಹಚ್ಚುವ ಕೈಯೇ ಮನೆಯ ಒಲೆಯನ್ನು ಆರಿಸಿ ಮಲಗುವ ಎಚ್ಚರವನ್ನೂ ತೋರಬೇಕು. ನಮಗಾಗಿ ಉರಿಯೊಳಗೆ ನಡೆಯುವವನು ತನ್ನ ಮನೆಗೆ ಸುರಕ್ಷಿತವಾಗಿ ಮರಳುವಂತೆ ನೋಡಿಕೊಳ್ಳುವುದೇ ಅವನಿಗೆ ನಾವು ಸಲ್ಲಿಸಬಹುದಾದ ಹಿರಿದಾದ ವಂದನೆ.